ಅಂಜನಾಳ ಪಹರೆ

ಮಂಜ್ರಾ ಹೊಳೆ ಬತ್ತಿ ಬಿರುಕು ಬಿಟ್ಟ ವರ್ಷ, ದಸರೆ ಕಳೆದ ಮೂರನೆಯ ದಿನ, ಹೊತ್ತು ಮಾರುದ್ದ ಏರಿತ್ತು. ಎಕಂಬಾದ ಸುಭದ್ರಾಬಾಯಿ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬೀದರಿನ ದವಾಖಾನೆಯಲ್ಲಿ ಕೂತಿದ್ದಳು. ಅಂಜನಾ, ಕೌಸಲ್ಯಾ ಹತ್ತು ವರ್ಷದ ಅವಳಿಗಳು. ಮುಖ ಮಾತ್ರ ಬೇರೆ ಬೇರೆ. ತೀರಿಕೊಂಡ ತಾಯಿಯಿಂದ ಇಬ್ಬರಿಗೂ ಎಚ್‌ಐವಿ ಬಂದಿತ್ತು. ಕೌಸಲ್ಯಾ ಒಣಗಿದ ಕಡ್ಡಿ. ಅಂಜನಾ ಗುಂಡುಕಲ್ಲು.

"ಒಂದ ಹೊಟ್ಟ್ಯಾಗ ಹುಟ್ಟ್ಯಾವ, ಹಿಂಗ್ಯಾಕರಿ?" ಎಂದಳು ಮುದುಕಿ.

ನರ್ಸ್ ಶಮೀಮ ಹೇಳಿದಳು: "ಕೆಲವರ ಮೈಯಾಗ ವೈರಸ್ ತಡಿಯೋ ಪ್ರೋಟೀನ್ ಜೋರ ಇರ್ತಾವರಿ. ಪಹರೇದಾರರು ಅನ್ಕೋರಿ. ಈಗಿನ ನಿಯಮದಾಗ ಅಂಜನಾಗ ಸದ್ಯ ಗುಳಿಗಿ ಬ್ಯಾಡ, ಕೌಸಲ್ಯಾಗ ಬೇಕು. ಆದ್ರ ಪಹರೇದಾರರೂ ದಣೀತಾರ. ಸಂಕ್ರಾಂತಿಗಿ ತಪ್ಪದ ಬರ್ರಿ, ರಕ್ತ ನೋಡೂಣು."

ಮುದುಕಿಯ ಕಿವಿಯಲ್ಲಿ ಪಹರೆಯ ಮಾತಷ್ಟೇ ಉಳಿಯಿತು. ಅಂದಿನಿಂದ ಅಂಜನಾ ಉಂಡ ಗಂಗಾಳದಲ್ಲೇ ಕೌಸಲ್ಯಾಗೆ ಬಡಿಸತೊಡಗಿದಳು. ಎಂಜಲಿನ ಸಂಗಡ ಆ ಬಲವೂ ದಾಟಲಿ ಎಂದು.

"ಏ ಕಡ್ಡಿ, ನನ್ನ ಪಹರೇದಾರರ್ನೆಲ್ಲಾ ನುಂಗಬ್ಯಾಡ!" ಎಂದು ಅಂಜನಾ ಅಣಕಿಸುವಳು.

"ನುಂಗ್ತೇನಿ, ಒಬ್ಬನ್ನೂ ಬಿಡಂಗಿಲ್ಲ."

ಊರಲ್ಲಿ ಕುಡಿಯುವ ನೀರೂ ಇರಲಿಲ್ಲ. ಕಬ್ಬು ಕಡಿಯುವವರನ್ನು ಕರೆದೊಯ್ಯುವ ಮುಕಾದಮ ಗೋರಖನಾಥ ಬಂದು, "ಒಂಟಿ ಮುದುಕಿಗಿ ಕೆಲಸಿಲ್ಲ. ನೀ ಕಡದಂಗೆಲ್ಲಾ ಹೊರಿ ಕಟ್ಟಾಕ ಒಬ್ಬರು ಬೇಕು" ಎಂದ. ಸುಭದ್ರಾಬಾಯಿ ಕೌಸಲ್ಯಾಳನ್ನು ಗುಳಿಗೆ ಡಬ್ಬಿಯ ಸಮೇತ ಹಲಬರ್ಗಾದ ತಂಗಿ ಅಂಜನಾಬಾಯಿಯ ಮನೆಯಲ್ಲಿ ಬಿಟ್ಟಳು. ಮೊಮ್ಮಗಳಿಗೆ ಆ ತಂಗಿಯದೇ ಹೆಸರು. ಗಟ್ಟಿ ಇದ್ದ ಮೊಮ್ಮಗಳನ್ನು ತನ್ನ ಜೊತೆ ಸಾಂಗ್ಲಿಯ ಕಬ್ಬಿನ ಸೀಮೆಗೆ ಹೋಗುವ ಲಾರಿ ಹತ್ತಿಸಿದಳು.

ಸಂಕ್ರಾಂತಿ ದಾಟಿತು. ಶಮೀಮ ಫೋನು ಮಾಡಿದಳು. "ಅಂಜನಾನ ರಕ್ತ ನೋಡೋ ತಾರೀಖ ಮುಗದದರಿ ಅಮ್ಮಾ."

"ಅಕೀಗಿ ಏನಾಗ್ಯದವ್ವಾ? ಹೊರಿ ಹೊತಗೊಂಡು ಓಡ್ತಾಳ. ನಮ್ಮ ಕೌಸಲ್ಯಾನ್ನ ನೋಡ್ಕೋರಿ."

ಎಂಟು ದಿನಕ್ಕೆ ಅಂಜನಾಗೆ ಕೆಮ್ಮು ಹತ್ತಿತು. ಕಬ್ಬಿನ ಧೂಳು ಎಂದು ಮುದುಕಿ ಬೆಲ್ಲ ತಿನಿಸಿದಳು. ಜ್ವರ ಬಂತು, ಬಿಸಿಲು ಎಂದಳು. ಹುಡುಗಿ ಹೊರೆಯ ಮೇಲೇ ಕುಸಿದ ದಿನ ಎತ್ತಿಕೊಂಡರೆ, ಕೈಗೆ ಬರೀ ಎಲುಬು ಹತ್ತಿದವು. ಅಂಗಿಯೊಳಗೆ ಆ ಗುಂಡು ಮೈ ಯಾವಾಗ ಕರಗಿತೋ, ಅವಳು ನೋಡಿಯೇ ಇರಲಿಲ್ಲ.

ಸಾಂಗ್ಲಿಯಿಂದ ಭಾಲ್ಕಿಯ ದವಾಖಾನೆಗೆ ತಂದಾಗ ಡಾಕ್ಟರು ಟಿ.ಬಿ. ಎಂದರು, ತಡವಾಯಿತು ಎಂದರು. ಹಲಬರ್ಗಾದಿಂದ ಕೌಸಲ್ಯಾ ಬಂದಳು. ಗುಳಿಗೆ ಮೈಗೆ ಹಿಡಿದು ಅವಳ ಗಲ್ಲ ತುಂಬಿದ್ದವು. ಗಂಗಾಳದಲ್ಲಿ ಗಂಜಿ ಕಲಸಿ ತಾನು ಒಂದು ಗುಟುಕು ಕುಡಿದು, ಉಳಿದದ್ದನ್ನು ಅಂಜನಾಳ ತುಟಿಗೆ ಹಿಡಿದಳು.

"ತಗೋ, ಈಗ ನನ್ನ ಎಂಜಲ ನೀ ಉಣ್ಣು."

ಗಂಜಿ ಕಟಬಾಯಿಯಿಂದ ಇಳಿಯಿತು. ಮುದುಕಿ ಸೆರಗಿನಿಂದ ಒರೆಸಿದಳು.

ಅಂಜನಾ ಹೋದದ್ದು ಶಿವರಾತ್ರಿಯ ಮರುದಿನ, ಮಂಗಳವಾರ.