ಹಿಂದಿನ ಸಾಲಿನ ಡಬ್ಬಿ

"ಮುಂದಿಂದು ಬೇಡ, ನೆಗ್ಗಿದೆ. ಹಿಂದಿನ ಸಾಲಿಂದು ನಾನೇ ತಗೋತೀನಿ," ಎನ್ನುತ್ತ ಸಲೋಟೆ ಕೌಂಟರಿನ ಬಾಗಿಲು ತಳ್ಳಿ ಒಳಗೇ ಬಂದುಬಿಟ್ಟಳು.

"ಅಮ್ಮಾ, ನೀವ್ಯಾಕೆ, ನಾನು ಕೊಡ್ತೀನಿ..." ಎಂದು ಅಂಗಡಿಯ ಪೆನಿಸಿಮಾನಿ ಅಡ್ಡ ಬರುವಷ್ಟರಲ್ಲಿ ಅವಳ ಕೈ ಕಪಾಟಿನೊಳಗೆ ಹೋಗಿತ್ತು. ಮಾಂಸದ ಡಬ್ಬಿಗಳ ಆಚೆಯಿಂದ ಅಂಥದ್ದೇ ದಪ್ಪ ಕೈಯೊಂದು ಅವಳತ್ತ ಚಾಚಿ ಬಂತು. ಗೆಣ್ಣು ಗಾಜಿಗೆ ಬಡಿದು ಠಣ್ಣೆಂದಿತು.

ಸಲೋಟೆ ಬಗ್ಗಿ ನೋಡಿದಳು. ಪ್ರತಿ ಹಲಗೆಯ ಹಿಂದೆಯೂ ಗೇಣಗಲದ ಕನ್ನಡಿ. ಹೊರಗೆ ನಿಂತವರಿಗೆ ತಮ್ಮ ಮುಖ ಕಾಣದಷ್ಟು ಹುಷಾರಾಗಿ ಕೂರಿಸಿದ್ದ. ಡಬ್ಬಿ, ಬಿಸ್ಕತ್ತು, ಸೋಪು ಎಲ್ಲವೂ ಇದ್ದದ್ದು ಒಂದೊಂದೇ ಸಾಲು.

ನೆಯಾಫು ಪೇಟೆಯ ಚರ್ಚಿನ ಅಂಗಳದಲ್ಲಿ, "ನನ್ನ ಅಳಿಯ ಆಗೋನ ಅಂಗಡೀಲಿ ಇರುವೆ ನುಗ್ಗೋಕೂ ಜಾಗ ಇಲ್ಲ," ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದಳು. ಅದಕ್ಕೇ ಉರಿ ಹೆಚ್ಚು.

"ಅರ್ಧ ಸಾಮಾನು, ಅರ್ಧ ಕನ್ನಡಿ! ನೀನಾದ್ರೂ ಪೂರ್ತಿ ಇದೀಯೋ, ನೀನೂ ಅರ್ಧ ಗಾಜೋ?"

"ಖಾಲಿ ಕಂಡ್ರೆ ಯಾರೂ ಒಳಗೆ ಕಾಲಿಡಲ್ಲಮ್ಮ."

"ಥೂ! ನಮ್ಮನ್ನೆಲ್ಲ ಕುರುಡ್ರು ಅಂದ್ಕೊಂಡ್ಯಾ? ನಡಿಯೇ ಫಿಫಿತಾ. ಕನ್ನಡೀಲಿರೋ ಡಬ್ಬಿ ಬೇಯಿಸಿ ತಿನ್ಲಿ ಅಂತ ಮಗಳನ್ನ ಹೆತ್ತಿಲ್ಲ ನಾನು."

ಕೌಂಟರಿನಾಚೆ ನಿಂತಿದ್ದ ಮಗಳು ಫಿಫಿತಾ ಕದಲಲಿಲ್ಲ. "ಕನ್ನಡಿ ಹಾಕು ಅಂದಿದ್ದು ನಾನೇ ಅಮ್ಮ."

ಫಿಫಿತಾ ಆ ಕನ್ನಡಿಗಳನ್ನು ನೋಡಿದ್ದು ಅವತ್ತೇ ಮೊದಲು.

"ಏನಂದೆ?"

"ಬರೀ ಹಲಗೆ ಕಂಡಿದ್ರೆ ನೀನು ಒಪ್ತಿದ್ಯಾ? ಮೊದಲ ಸಲ ಬಂದಾಗ ಇವನ ಮುಖನಾದ್ರೂ ನೋಡಿದ್ಯಾ? ಡಬ್ಬಿ ನೋಡ್ತಾ ಕೂತಿದ್ದೆ."

"ಅವಳು ಸುಳ್ಳು ಹೇಳ್ತಿದಾಳೆ," ಎಂದ ಪೆನಿಸಿಮಾನಿ. ಅವನ ಕಿವಿ ಕೆಂಪಾಗಿತ್ತು. "ನಾನೇ ಹಾಕಿದ್ದು. ಅವಳಿಗೆ ಗೊತ್ತೇ ಇರಲಿಲ್ಲ."

ಹಳಸಿದ ಮೀನನ್ನು ನೋಡುವವಳ ಹಾಗೆ ಸಲೋಟೆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಬ್ಬರಿಗಿಂತ ಒಬ್ಬರು ಸುಳ್ಳುಗಾರರು. ಒಳ್ಳೇ ಜೋಡಿ."

ದಡದಡ ಹೊರಗೆ ಹೋಗಿ ತಮ್ಮನ ಟ್ರಕ್ಕು ಹತ್ತಿದಳು. ಅವನು ಎಂಜಿನ್ ಶುರು ಮಾಡಿ, "ಹೊರಡೋಣ್ವಾ ಅಕ್ಕ?" ಎಂದ. ಅಕ್ಕನ ಮುಖ ನೋಡಿ ಎಂಜಿನ್ ಆರಿಸಿದ.

ಒಳಗಿನಿಂದ ಫಿಫಿತಾಳ ಬೈಗುಳ ಕೇಳಿಸುತ್ತಿತ್ತು. ಪೆನಿಸಿಮಾನಿಯ ದನಿ ಕೇಳಿಸುತ್ತಿರಲಿಲ್ಲ. ಸಲೋಟೆ ರಸ್ತೆಯತ್ತಲೇ ಕಣ್ಣು ನೆಟ್ಟು, ಪಕ್ಕದಲ್ಲಿ ಮಗಳಿಗೆ ಜಾಗ ಬಿಟ್ಟು ಕಿಟಕಿಯ ಕಡೆ ಸರಿದಳು. ಮದುವೆಯ ಮಾತಿಗೆಂದು ಊರ ಪದ್ಧತಿಯಂತೆ ಸೊಂಟಕ್ಕೆ ಬಿಗಿದು ಸುತ್ತಿದ್ದ ಚಾಪೆಯ ಹುರಿಯನ್ನು ಸಡಿಲಿಸುತ್ತ ಕೂತಳು.