ನಿಂತ ಗೆರೆಯೂ ಒಂದು

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ, ನನ್ನ ಐವತ್ತೇಳನೆಯ ವಯಸ್ಸಿನಲ್ಲಿ, ನನಗೆ ಕಳೆಯುವ ಲೆಕ್ಕ ಹೇಳಿಕೊಡಲು ಬರುವುದಿಲ್ಲವೆಂಬ ಸಂಗತಿ ಮೇಲಿನವರಿಗೆ ತಿಳಿಯಿತು.

ಅದಕ್ಕೆ ಮೊದಲು ಮೂವತ್ತನಾಲ್ಕು ವರ್ಷ ನಾನು ಹುಣಸೆಬೀಜ ಹರಡಿ ಆ ಲೆಕ್ಕ ಹೇಳಿಕೊಟ್ಟಿದ್ದೆ. ಒಂಬತ್ತು ಬೀಜದಲ್ಲಿ ನಾಲ್ಕನ್ನು ಎತ್ತಿಟ್ಟರೆ ಐದು ಉಳಿಯುತ್ತಿತ್ತು. ಹಾಗೆ ಕಲಿತವರು ಮುಂದೆ ಡೈರಿಯಲ್ಲಿ ಹಾಲು ಅಳೆಯುತ್ತ, ಬಸ್ಸಿನಲ್ಲಿ ಟಿಕೆಟು ಹರಿಯುತ್ತ ಚೆನ್ನಾಗಿಯೇ ಇದ್ದರು. ಆದರೆ ಹುಣಸೆಬೀಜ ಮರದ ಕೆಳಗೆ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಕ್ಕ ವಸ್ತುವಿನಿಂದ ಮಕ್ಕಳ ಬುದ್ಧಿ ಬೆಳೆಯುವುದಿಲ್ಲವೆಂದು ತಿಳಿದವರು ತೀರ್ಮಾನಿಸಿದ ಮೇಲೆ ಸಂಖ್ಯಾರೇಖೆ ಬಂತು.

ಸಂಖ್ಯಾರೇಖೆ ಎಂದರೆ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ. ಅದಕ್ಕೆ ಅಡ್ಡಲಾಗಿ ಮೊಳಕ್ಕೊಂದು ಸಣ್ಣ ಗೆರೆ. ಪ್ರತಿ ಸಣ್ಣ ಗೆರೆಗೂ ಒಂದೊಂದು ಅಂಕಿ, ಸೊನ್ನೆಯಿಂದ ಇಪ್ಪತ್ತರವರೆಗೆ. ಒಂಬತ್ತರಲ್ಲಿ ನಾಲ್ಕು ಕಳೆಯಬೇಕಾದರೆ ಮಗು ಒಂಬತ್ತರ ಮೇಲೆ ನಿಂತು ನಾಲ್ಕು ಸಲ ಹಿಂದಕ್ಕೆ ಕುಪ್ಪಳಿಸಬೇಕು. ಎಲ್ಲಿ ನಿಲ್ಲುತ್ತದೋ ಅದೇ ಉತ್ತರ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಕೃಷ್ಣರಾಜಪೇಟೆಯಲ್ಲಿ ಐದು ದಿನದ ತರಬೇತಿ ಕೊಟ್ಟರು. ಮೊದಲನೆಯ ದಿನವೇ ಅರ್ಥವಾದ ನನ್ನಂಥವರಿಗೆ ಉಳಿದ ನಾಲ್ಕು ದಿನ ಉಪ್ಪಿಟ್ಟು ಕೊಟ್ಟರು.

ತರಬೇತಿ ಕೊಟ್ಟವನು ಶ್ರೀರಂಗಪಟ್ಟಣದ ದಿಲೀಪ್ ಎಂಬ ಹುಡುಗ. ವಯಸ್ಸು ಇಪ್ಪತ್ತಾರು. ಕೆಟ್ಟವನಲ್ಲ, ಉತ್ಸಾಹ ಎಂಬ ಒಂದು ಕಾಯಿಲೆ ಇತ್ತು, ಅಷ್ಟೆ. ನಲವತ್ತು ಜನ ಮೇಷ್ಟ್ರುಗಳನ್ನು ಸಾಲಾಗಿ ನಿಲ್ಲಿಸಿ, "ನೀವೀಗ ಮೇಷ್ಟ್ರಲ್ಲ ಸಾರ್, ಕಪ್ಪೆ. ಖುಷಿಯಾಗಿ ನೆಗೀರಿ. ಮಕ್ಕಳು ನಿಮ್ಮ ಮುಖಾನೇ ನೋಡ್ತಿರ್ತಾವೆ" ಎಂದ.

ನನ್ನ ಪಕ್ಕದಲ್ಲಿದ್ದ ಕುಳ್ಳಯ್ಯ ಮೇಷ್ಟ್ರು ಪಂಚೆ ಎತ್ತಿ ಕಟ್ಟುತ್ತ, "ಈ ಮುಖ ನೋಡುದ್ರೆ ಮಕ್ಕಳು ರೇಖೆ ಸುತ್ಕಂಡು ಮನೆಗೆ ಓಯ್ತಾವೆ ಕಣಪ್ಪ" ಎಂದರು.

ನಾನು ತೊಣ್ಣೂರಿನ ನಂಬಿನಾರಾಯಣನನ್ನು ನೆನೆದು ಹತ್ತರಿಂದ ಏಳಕ್ಕೆ ನೆಗೆದೆ. ಅಷ್ಟು ಸಣ್ಣ ಕೆಲಸಕ್ಕೆ ಸ್ವಾಮಿಯನ್ನು ಕರೆದದ್ದು ಅದೇ ಮೊದಲು. ಅದಕ್ಕೆ ಮೂರು ತಿಂಗಳ ಹಿಂದೆ, ನನ್ನ ಹೆಂಡತಿ ಪುಟ್ಟತಾಯಮ್ಮನ ತಲೆಯ ಬಳಿ ಕುಳಿತು, ದೊಡ್ಡ ಕೆಲಸಕ್ಕೆ ಕರೆದಿದ್ದೆ. ಅದನ್ನು ಅವನು ತನ್ನ ಚಿತ್ತದಂತೆಯೇ ನಡೆಸಿದ. ಅವಳ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದವನಿಗೆ ಕಪ್ಪೆಯಂತೆ ಕುಪ್ಪಳಿಸುವುದು ಹಿತವೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಸುತ್ತೋಲೆಯಲ್ಲಿ ಬರೆದಿತ್ತೋ ಏನೋ, ಎರಡನೆಯ ಹಾಳೆ ನನಗೆ ಸಿಗಲಿಲ್ಲ.

ತರಬೇತಿ ಮುಗಿಸಿ ಬರುವಾಗ ಪ್ರತಿ ಶಾಲೆಗೂ ಅಚ್ಚು ಹಾಕಿಸಿದ ಒಂದು ಬಣ್ಣದ ಚಾಪೆ ಕೊಟ್ಟರು. ಅದರ ಮೇಲೆ ಸಂಖ್ಯಾರೇಖೆ ಬಹಳ ಚೆನ್ನಾಗಿತ್ತು. ಸಾಮಾನಿನ ಪುಸ್ತಕದಲ್ಲಿ ಅದನ್ನು ಬರೆದುಕೊಂಡ ಮೇಲೆ, ಅದು ಹರಿದರೆ ಉತ್ತರ ಹೇಳಬೇಕಾದವನು ನಾನೇ ಎಂದು ತಿಳಿಯಿತು. ಮಕ್ಕಳು ತುಳಿದರೆ ಹರಿಯುತ್ತದೆ. ಆದ್ದರಿಂದ ಮಕ್ಕಳು ತುಳಿಯಲೆಂದು ಬಂದ ಆ ಚಾಪೆಯನ್ನು ಮಕ್ಕಳು ತುಳಿಯದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಜಿಲ್ಲೆಯಲ್ಲಿ ಆ ಚಾಪೆ ಇಂದಿಗೂ ಹೊಸದಾಗಿರುವ ಶಾಲೆಗಳ ಸಂಖ್ಯೆ ದೊಡ್ಡದಿರಬೇಕು. ನಮ್ಮ ಶಾಲೆಯ ನೆಲಕ್ಕೆ ಪ್ರಮೀಳಾ ಮಿಸ್ಸು ಸುಣ್ಣದಲ್ಲಿ ಗೆರೆ ಎಳೆದರು.

ನಮ್ಮದು ಬೂಕನಕೆರೆಯಿಂದ ಎರಡು ಮೈಲಿ ಒಳಗಿರುವ ಕೊಪ್ಪಲು. ಶಾಲೆಗೆ ಇಬ್ಬರೇ ಮೇಷ್ಟ್ರು. ಮೂರು ನಾಲ್ಕನೆಯ ತರಗತಿ ನನಗೆ, ಒಂದು ಎರಡು ಪ್ರಮೀಳಾಗೆ. ಆ ಹೆಣ್ಣುಮಗಳು ಎಂಟು ತಿಂಗಳ ಕೂಸನ್ನು ಪಾಂಡವಪುರದಲ್ಲಿ ಅತ್ತೆಯ ಕೈಗೆ ಕೊಟ್ಟು, ಎರಡು ಬಸ್ಸು ಹತ್ತಿ ಇಳಿದು, ಉಳಿದ ದಾರಿ ನಡೆದು ಬರುತ್ತಿದ್ದಳು. ಇನ್ನೂ ನೌಕರಿ ಕಾಯಂ ಆಗಿರಲಿಲ್ಲ. ಸಂಖ್ಯಾರೇಖೆಯ ಪಾಠ ನೋಡಲು ಬಂದವರು 'ತೃಪ್ತಿಕರ' ಎಂದು ಬರೆದರೆ ಇಲ್ಲಿಯೇ ಕಾಯಂ. ಬರೆಯದಿದ್ದರೆ ನಾಗಮಂಗಲದ ಆಚೆಯ ಅಂಚಿನಲ್ಲಿ, ದಿನಕ್ಕೊಂದು ಬಸ್ಸಿನ ಊರೊಂದರಲ್ಲಿ, ಖಾಲಿ ಬಿದ್ದಿದ್ದ ಶಾಲೆಗೆ ಕಳಿಸುವುದಾಗಿ ಮೊದಲೇ ತಿಳಿಸಿದ್ದರು. ಅಲ್ಲಿಂದ ಸಂಜೆ ಕೂಸಿನ ಬಳಿಗೆ ಬರುವ ಉಪಾಯವಿರಲಿಲ್ಲ.

ನೋಡಲು ಬಂದವನು ದಿಲೀಪನೇ. ಒಂದು ಗುರುವಾರ ಮಧ್ಯಾಹ್ನ ಬೈಕಿನಲ್ಲಿ ಬಂದ. ಕೈಯಲ್ಲಿ ನಾಲ್ಕು ಪುಟದ ನಮೂನೆ ಇತ್ತು. ಎರಡನೆಯ ತರಗತಿಯ ಧನುಶ್ರೀಯನ್ನು ಕರೆದು, ಒಂಬತ್ತರಲ್ಲಿ ನಾಲ್ಕು ಕಳೆ ಎಂದ. ಆ ಹುಡುಗಿ ಒಂಬತ್ತರ ಮೇಲೆ ನಿಂತು, ಲಂಗ ಸರಿಮಾಡಿಕೊಂಡು, ಬಾಯಲ್ಲೇ ಏನೋ ಎಣಿಸುತ್ತ ನೆಗೆದು ಆರರ ಮೇಲೆ ನಿಂತಳು.

"ಆರು" ಎಂದಳು.

ರಂಜಿತ ಎಂಬವಳಿಗೆ ಎಂಟರಲ್ಲಿ ಮೂರು ಕಳೆಯಲು ಹೇಳಿದ. ಅವಳೂ ಆರರ ಮೇಲೆಯೇ ನಿಂತಳು. ನಾಗಾರ್ಜುನ ಏಳರಲ್ಲಿ ಎರಡು ಕಳೆದು, ಬೇರೆ ದಾರಿಯಲ್ಲಿ ಬಂದು, ಅದೇ ಆರನ್ನು ಸೇರಿದ. ಇಡೀ ತರಗತಿಯೇ ಆರಕ್ಕೆ ಹರಕೆ ಹೊತ್ತ ಹಾಗಿತ್ತು. ಇಷ್ಟು ಒಗ್ಗಟ್ಟು ನಮ್ಮ ಊರಿನ ಪಂಚಾಯಿತಿಯಲ್ಲಿ ನಾನು ಕಂಡಿಲ್ಲ.

ದಿಲೀಪ ಲೇಖನಿ ತೆಗೆದ. "ಮೇಡಂ, ಗೆರೆ ಎಳೆದುಬಿಟ್ರೆ ಆಗೋಯ್ತಾ? ನೆಗೆಯೋದು ಹೇಳ್ಕೊಡಲಿಲ್ವಾ? ನಿಂತಿರೋ ಗೆರೆಯಿಂದ್ಲೇ ಒಂದು ಅಂತ ಶುರು ಮಾಡ್ತಾವ್ರಲ್ಲ ಇವ್ರು. ನಿಂತಿರೋ ಜಾಗಾನ ಯಾರಾದ್ರೂ ಎಣಿಸ್ತಾರಾ?"

ಪ್ರಮೀಳಾ ತಲೆ ಬಗ್ಗಿಸಿ, "ನಂದೇ ತಪ್ಪು ಸಾರ್" ಎಂದಳು.

ಎರಡು ವಾರದಿಂದ ಪಕ್ಕದ ಕೋಣೆಯಲ್ಲಿ ಕುಳಿತು ನಾನು ಅವಳ ಪಾಠವನ್ನು ಕೇಳಿದ್ದೆ. ನಿಂತ ಗೆರೆಯನ್ನು ಎಣಿಸಬೇಡಿ ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆದ್ದರಿಂದ ನಾನು ಧನುಶ್ರೀಯನ್ನು ಕೇಳಿದೆ. "ಮಿಸ್ಸು ಬೇಡ ಅಂದ್ರೂ ನಿಂತ ಗೆರೇನ ಯಾಕಮ್ಮಿ ಎಣಿಸ್ತೀಯೆ?"

"ನೀವೇ ಏಳ್ಕೊಟ್ರಲ್ಲ ಮೇಷ್ಟ್ರೆ."

"ನಾನಾ? ಯಾವಾಗ್ಲೆ?"

"ಅಮ್ಮಾವ್ರು ತೀರ್ಕಂಡಾಗ. ನಿಮ್ಮ ಜಗುಲಿ ಗ್ವಾಡೆ ಮ್ಯಾಲೆ ದಿನಕ್ಕೊಂದು ಗೆರೆ ಎಳ್ಸುದ್ರಲ್ಲ. ಓದ್ ದಿನಾನೂ ಸೇರುಸ್ಕಂಡೇ ಎಣುಸ್ಬೇಕು, ಅದ ಬುಟ್ರೆ ಅಮ್ಮಾವ್ರು ನೊಂದ್ಕತಾರೆ ಅಂದ್ರಿ."

ಹೌದು, ಅಂದಿದ್ದೆ. ನಮ್ಮಲ್ಲಿ ಹನ್ನೊಂದನೆಯ ದಿನದ ತಿಥಿಗೆ ಜೀವ ಹೋದ ದಿನವೇ ಒಂದು. ಆ ಹನ್ನೊಂದು ದಿನ ನಾನು ಜಗುಲಿ ಬಿಟ್ಟು ಏಳಲಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಸುಮ್ಮನೆ ಕೂರುತ್ತಿದ್ದವು. ಸುಮ್ಮನೆ ಕೂರುವ ಮಕ್ಕಳನ್ನು ಕಂಡರೆ ಏನಾದರೂ ಕಲಿಸಬೇಕೆನ್ನುವುದು ಮೇಷ್ಟ್ರುಗಳ ಚಟ. ಮೂವತ್ತನಾಲ್ಕು ವರ್ಷದಲ್ಲಿ ನಾನು ಹೇಳಿದ ಒಂದು ಮಾತು ಇಡೀ ತರಗತಿಯ ತಲೆಯಲ್ಲಿ ಹೀಗೆ ಕೂತಿದ್ದರೆ, ಅದು ಇದೊಂದೇ ಇರಬೇಕು.

ಪ್ರಮೀಳಾಳನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

"ನಿಮಗೆ ಗೊತ್ತಿತ್ತೇನಮ್ಮ?"

"ಮೊದಲನೇ ದಿನವೇ ಮಕ್ಕಳೇ ಹೇಳುದ್ವು ಸಾರ್. ಅದು ತಪ್ಪು, ಬುಟ್ಬುಡಿ ಅಂತ ಮಕ್ಕಳ ಮುಂದೆ ಹೆಂಗ್ ಅನ್ನಾದು? ನಿಮ್ಮ ಕಿವಿಗೆ ಬಿದ್ರೆ..."

ದಿಲೀಪನಿಗೆ ಇದೊಂದೂ ಹಿಡಿಸಲಿಲ್ಲ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಗಡಿಯಾರ ನೋಡಿಕೊಂಡು, "ಇರ್ಲಿ ಸೋಮಯ್ಯ ಸಾರ್, ನಿಮ್ಮ ಮುಖ ನೋಡಿ ಇವತ್ತು ಬರೆಯಲ್ಲ. ಎಂಟು ದಿನ ಟೈಮ್ ಕೊಡ್ತೀನಿ. ಮುಂದಿನ ಗುರುವಾರ ಬರ್ತೀನಿ. ಆಗ್ಲೂ ಇಂಗೇ ಇದ್ರೆ ಮೇಡಮ್ಮು ನಾಗಮಂಗಲಕ್ಕೆ ಹೊರಡಬೇಕಾಯ್ತದೆ" ಎಂದ.

"ಎಷ್ಟು ದಿನ ಅಂದ್ರಿ?"

"ಎಂಟು ದಿನ."

ನಾನು ಧನುಶ್ರೀಯನ್ನು ಸೊನ್ನೆಯ ಮೇಲೆ ನಿಲ್ಲಿಸಿದೆ. "ಇದು ಇವತ್ತು, ಗುರುವಾರ. ಸಾರ್ ಹೇಳಿದ ಹಾಗೆ, ನಿಂತಿರೋದನ್ನ ಎಣಿಸ್ಬೇಡ. ನೆಗೆದ ಮೇಲೆ ಒಂದು, ಶುಕ್ರವಾರ. ಅಂಗೇ ಮುಂದಿನ ಗುರುವಾರದ ಗಂಟ ನೆಗಿ."

ಹುಡುಗಿ ವಾರಗಳ ಹೆಸರು ಹೇಳುತ್ತ ನೆಗೆದಳು. ಗುರುವಾರ ಎಂದಾಗ ಏಳರ ಮೇಲಿದ್ದಳು.

"ಏಳೇ ದಿನ ಸಾರ್" ಎಂದಳು ದಿಲೀಪನಿಗೆ. "ಇನ್ನೊಂದ್ ಎಲ್ಲಿ?"

ದಿಲೀಪ ಬೆರಳು ಮಡಚಿದ. ಗುರುವಾರ ಒಂದು, ಶುಕ್ರವಾರ ಎರಡು ಎಂದು ಶುರುಮಾಡಿ, ಮೂರನೆಯ ಬೆರಳಿಗೆ ನಿಂತುಬಿಟ್ಟ. ಅವನಿಗೆ ಕೆಂಪಾಗುವ ಮೈಬಣ್ಣವಿರಲಿಲ್ಲ, ಇದ್ದಿದ್ದರೆ ಕೆಂಪಾಗುತ್ತಿದ್ದ.

"ಎಲ್ರೂ ಅಂಗೇ ಅಲ್ವಾ ಸಾರ್ ಅನ್ನೋದು" ಎಂದ.

"ಎಲ್ರೂ ಅಂಗೇ ಅನ್ನೋದು. ಹದಿನೈದು ದಿನ ಅಂದ್ರೂ ಅಷ್ಟೆ, ಎರಡು ವಾರಕ್ಕೆ ಇವತ್ತಿನ ದಿನಾನೂ ಸೇರಿಸಿ ಹದಿನೈದು. ನೀವೂ ಈ ಸೀಮೆ ಹಾಲು ಕುಡಿದವರೇ. ಆರು ವರ್ಷದ ಮಗು ಎಣಿಸಿದ್ರೆ ಮಾತ್ರ ದಡ್ಡತನವಾ?"

ಅಲ್ಲಿಗೆ ನಾನು ಗೆದ್ದೆ. ಗೆದ್ದವನು ಬಾಯಿ ಮುಚ್ಚಿಕೊಂಡು ಕೂರಬಹುದಾಗಿತ್ತು. ಆದರೆ ದಿಲೀಪನ ಲೇಖನಿ ಇನ್ನೂ ಪ್ರಮೀಳಾಳ ಹೆಸರಿನ ಎದುರಿನ ಖಾಲಿ ಜಾಗದ ಮೇಲೆಯೇ ಇತ್ತು. ಸೋತ ಹುಡುಗರು ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ ಎಂಬುದನ್ನು ಮೂವತ್ತನಾಲ್ಕು ವರ್ಷ ನೋಡಿದ್ದೇನೆ.

"ಬರೆದುಕೊಳ್ಳಿ" ಎಂದೆ. "ಆಯಮ್ಮ ಸರಿಯಾಗೇ ಹೇಳ್ಕೊಟ್ಟವ್ರೆ. ತಪ್ಪು ಕಲಿಸಿದವನು ನಾನು."

"ಹಂಗೆಲ್ಲ ಬರೆಯೋಕಾಗಲ್ಲ ಸಾರ್. ನೀವೇ ಬರೆದು ಸೈನ್ ಮಾಡ್ಬೇಕಾಯ್ತದೆ."

ಒಂದು ಹಾಳೆ ಹರಿದು ಬರೆದೆ. 'ಎರಡನೆಯ ತರಗತಿಯ ಮಕ್ಕಳಿಗೆ ಎಣಿಕೆಯನ್ನು ನಾನು ತಪ್ಪಾಗಿ ಕಲಿಸಿರುತ್ತೇನೆ. ಸಂಖ್ಯಾರೇಖೆಯಲ್ಲಿ ನಿಂತ ಸ್ಥಾನವನ್ನು ಎಣಿಸತಕ್ಕದ್ದಲ್ಲ.' ಪುಟ್ಟತಾಯಮ್ಮ ತೀರಿಕೊಂಡ ಆ ಸೋಮವಾರ ಬೆಳಿಗ್ಗೆ ಅವಳೇ ಎದ್ದು ಹಾಲು ಕಾಯಿಸಿ, ನನ್ನ ಪೂಜೆಗೆ ಹೂ ಬಿಡಿಸಿ ಕೊಟ್ಟಿದ್ದಳು. ಹೋದದ್ದು ಮಧ್ಯಾಹ್ನ. ಅಂಥ ದಿನವನ್ನು ಎಣಿಸತಕ್ಕದ್ದಲ್ಲವೆಂದು ಬರೆದು ರುಜು ಹಾಕಿ, ಶಾಲೆಯ ಮೊಹರನ್ನೂ ಒತ್ತಿದೆ.

ದಿಲೀಪ ಅದನ್ನು ಎರಡು ಸಲ ಓದಿದ. ಬಹಳ ಹೊತ್ತು ತಲೆ ಕೆರೆದುಕೊಂಡು, ಪ್ರಮೀಳಾಳ ಹೆಸರಿನ ಎದುರಿಗೆ 'ತೃಪ್ತಿಕರ' ಎಂದು ಬರೆದ. ನನ್ನ ಹೆಸರಿನ ಎದುರಿಗೆ 'ಮರುತರಬೇತಿ ಅಗತ್ಯ' ಎಂದು ಬರೆದ. ನಿವೃತ್ತಿಗೆ ಹನ್ನೊಂದು ತಿಂಗಳಿರುವವನನ್ನು ಇಷ್ಟು ಶ್ರದ್ಧೆಯಿಂದ ತಿದ್ದುವ ದೇಶ ಇನ್ನೊಂದಿಲ್ಲ.

"ಬೇಜಾರು ಮಾಡ್ಕೋಬೇಡಿ ಸಾರ್. ಸೋಮವಾರ ಕೆ.ಆರ್. ಪೇಟೆಗೆ ಬನ್ನಿ. ಮೂರೇ ದಿನ."

"ಸೋಮವಾರಾನೂ ಸೇರಿಸಿ ಮೂರೋ, ಬಿಟ್ಟು ಮೂರೋ?"

ಅವನು ಬೈಕು ಒದ್ದು ಹೊರಟುಹೋದ. ಪ್ರಮೀಳಾ ಸೆರಗಿನಿಂದ ಮುಖ ಒರೆಸಿಕೊಂಡು, "ಅಂಗೆ ಬರ್ಕೊಡಬಾರದಾಗಿತ್ತು ಸಾರ್ ನೀವು" ಎಂದಳು. ಮೂರೂವರೆಯ ಬಸ್ಸು ಸಿಕ್ಕಿದರೆ ಕೂಸು ಮಲಗುವ ಮೊದಲು ಮನೆ ಸೇರಬಹುದು, ಮೊದಲು ಹೊರಡಿ ಎಂದು ಗದರಿಸಿ ಕಳಿಸಿದೆ.

ಮರುದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ ಬಾಗಿಲು ಮುಂದೆ ಮಾಡಿ ಒಂಬತ್ತರ ಮೇಲೆ ನಿಂತೆ. ನಲವತ್ತು ಜನರ ಮುಂದೆ ತಪ್ಪುವುದಕ್ಕಿಂತ ಇಲ್ಲೇ ತಪ್ಪಿ ಮುಗಿಸುವುದು ಲೇಸು. ಬಾಗಿಲ ಸಂದಿಯಲ್ಲಿ ಧನುಶ್ರೀ ನಿಂತಿದ್ದನ್ನು ನಾನು ನೋಡಿರಲಿಲ್ಲ. ಗೆರೆಯ ಮೇಲೆ ಕಾಲಿಟ್ಟವನ ಬಾಯಲ್ಲಿ ತಾನಾಗಿ "ಒಂದು" ಎಂದು ಬಂತು.

"ಅದಲ್ಲ ಮೇಷ್ಟ್ರೆ" ಎಂದು ಒಳಗೆ ಬಂದಳು. "ಅಲ್ಲಿ ಸುಮ್ಕೆ ನಿಂತ್ಕಳಿ. ಕಾಲ್ ಎತ್ತುದ್ ಮ್ಯಾಲೆ ಒಂದು."

"ಗೊತ್ತು ಕಣಮ್ಮಿ."

"ಗೊತ್ತಿದ್ರೆ ಮತ್ಯಾಕ್ ಅಂಗಂದ್ರಿ?"

ಅವಳು ಎಂಟರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಪಾದಗಳನ್ನೇ ನೋಡುತ್ತ ಕಾದಳು. ನಾನು ಒಂಬತ್ತರ ಮೇಲೆ ಏನನ್ನೂ ಎಣಿಸದೆ ಸ್ವಲ್ಪ ಹೊತ್ತು ನಿಂತೆ.

"ನೆಗೀರಿ ಮತ್ತೆ" ಎಂದಳು. "ಬೆಲ್ ಒಡೀತಾರೆ."