ಎಡಗಡೆಯ ಬ್ರೇಕು

"ಕೀ ಇತ್ತ ಕೊಡು, ನಾನು ಓಡಿಸ್ತೀನಿ," ಎನ್ನುತ್ತಾ ಚಿಕ್ಕಪ್ಪ ಅವಳ ಮುಷ್ಟಿ ಬಿಡಿಸಲು ನೋಡಿದರು. ಅವಳು ಬಿಡಲಿಲ್ಲ. ಅಪ್ಪನ ದೇಹ ಹೊತ್ತ ವ್ಯಾನು ಬೀದಿಯ ತಿರುವಿನಲ್ಲಿ ಕಾಯುತ್ತಿತ್ತು. ಅಪ್ಪನ ಕಾರನ್ನು ಅಪ್ಪನ ಹಿಂದೆ ಬೇರೆಯವರು ಓಡಿಸುವುದು ಅವಳಿಗೆ ಬೇಡವಾಗಿತ್ತು.

ಅಪ್ಪ ಡ್ರೈವಿಂಗ್ ಮೇಷ್ಟ್ರು, ಅರ್ಧ ಊರಿಗೆ ಗೇರು ಹಾಕಲು ಕಲಿಸಿದವರು. ಅವರ ಹಳೇ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕಿತ್ತು, ಕಲಿಯುವವರು ಎಡವಟ್ಟು ಮಾಡಿದರೆ ತುಳಿಯಲು. ಅದರ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು. ಮಗಳಿಗೆ ಲೈಸೆನ್ಸೇನೋ ಸಿಕ್ಕಿತ್ತು. ಆದರೆ ಆ ಬ್ರೇಕಿನ ಮೇಲೆ ಅಪ್ಪನ ಕಾಲಿಲ್ಲದೆ ಅವಳು ನಾಲ್ಕು ಮಾರು ದೂರವೂ ಓಡಿಸಿದವಳಲ್ಲ.

"ಮೇಷ್ಟ್ರಿಗೆ ಭಯ ಅನ್ನೋದೇ ಗೊತ್ತಿರ್ಲಿಲ್ಲ ಬಿಡಿ," ಎಂದರು ಪಕ್ಕದ ಮನೆಯ ಟೈಲರ್. "ನಾನು ಸೀದಾ ಗೋಡೆಗೆ ನುಗ್ಸಿದಾಗ್ಲೂ ಆರಾಮಾಗಿ ಕೂತಿದ್ರು!"

ಅಳುತ್ತಿದ್ದವರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

*

ಮೂರು ವರ್ಷದ ಹಿಂದೆ, ಟೆಸ್ಟಿನಲ್ಲಿ ಎರಡನೇ ಸಲ ಫೇಲಾದ ರಾತ್ರಿ, ಅವಳಿಗೆ ನಿದ್ದೆ ಹತ್ತಿರಲಿಲ್ಲ. ಎರಡು ಗಂಟೆಗೆ ಕಿಟಕಿಯಿಂದ ನೋಡಿದರೆ ಕಾರಿನೊಳಗೆ ಯಾರೋ ಇದ್ದರು. ಹೋಗಿ ಬಾಗಿಲು ತೆಗೆದಳು. ಎಡಗಡೆ ಸೀಟಿನಲ್ಲಿ ಅಪ್ಪ, ಕೈಗಳು ಗಡಗಡ ನಡುಗುತ್ತಿದ್ದವು.

"ಏನಾಯ್ತಪ್ಪಾ?"

"ಇವತ್ತು ಒಬ್ಬಳು ಲಾರಿಗೆ ಎದುರಾಗೇ ಹೋಗ್ಬಿಟ್ಳು. ಗೇಣಲ್ಲಿ ತಪ್ತು." ಕೈ ಬಚ್ಚಿಡಲು ಹೋದವರು ಮತ್ತೆ ತೊಡೆಯ ಮೇಲೇ ಇಟ್ಟುಕೊಂಡರು. "ನಂಗೆ ದಿನಾ ಭಯ ಆಗತ್ತೆ ಕಣೇ. ಹಗಲು ತೋರಿಸಿದ್ರೆ ಕಲಿಯೋರು ಹೆದರ್ತಾರೆ. ಅದಕ್ಕೇ ಇಲ್ಲಿ ಬಂದು ನಡುಗಿ ಮುಗಿಸ್ತೀನಿ."

ಅವಳು ಸ್ಟೀರಿಂಗಿನ ಹಿಂದೆ ಕೂತು ತನ್ನ ಕೈಗಳನ್ನು ಚಾಚಿದಳು. ಅವೂ ನಡುಗುತ್ತಿದ್ದವು.

"ತಡೀಬೇಡ, ನಡುಗ್ಲಿ," ಎಂದರು ಅಪ್ಪ. "ಮುಗಿದ್ಮೇಲೆ ಕೀ ತಿರುಗಿಸು."

*

"ಕೈ ನೋಡು ಹೇಗೆ ನಡುಗ್ತಿದೆ! ಹಟ ಬೇಡ ಕಣಮ್ಮಾ," ಎಂದು ಚಿಕ್ಕಪ್ಪ ಕಾರಿನ ಕಿಟಕಿಗೆ ಬಗ್ಗಿದರು.

"ಭಯ ಆಗ್ತಿದೆ ಚಿಕ್ಕಪ್ಪಾ. ಅಪ್ಪಂಗೂ ಆಗ್ತಿತ್ತು. ಒಂದು ನಿಮಿಷ ತಡೀರಿ."

ಬೀದಿಯವರೆಲ್ಲ ನೋಡುತ್ತಿರುವಾಗಲೇ ಸ್ಟೀರಿಂಗಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಟೈಲರ್ ಮುಖ ಆ ಕಡೆ ತಿರುಗಿಸಿದರು. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೀ ತಿರುಗಿಸಿದಳು.

ಅಮ್ಮ ಬಂದು ಪಕ್ಕದಲ್ಲಿ ಕೂತಳು. ವ್ಯಾನು ಹೊರಟಿತು, ಕಾರು ಅದರ ಹಿಂದೆ. ತಿರುವು ಬಂದಾಗ ಅಭ್ಯಾಸಬಲದಿಂದ ಅವಳ ಕಣ್ಣು ಎಡಕ್ಕೆ, ಕೆಳಕ್ಕೆ ಹೋಯಿತು. ಅಮ್ಮ ಚಪ್ಪಲಿ ಕಳಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ಮುದುಡಿ ಕೂತಿದ್ದಳು.

"ಕಾಲು ಕೆಳಗಿಟ್ಟುಕೋಮ್ಮಾ, ನೋವಾಗತ್ತೆ."

"ಬೇಡ," ಎಂದಳು ಅಮ್ಮ. "ಅದು ಅವರು ಕಾಲಿಡೋ ಜಾಗ."